ಫ್ರೀಹ್ಯಾಂಡ್ ಸೋತದ್ದೆಲ್ಲಿ?

ವೆಕ್ಟರ್ ವಿನ್ಯಾಸದ ತಂತ್ರಾಂಶಗಳಲ್ಲಿ ಗಟ್ಟಿಯಾದದ್ದು ಉಳಿಯಿತು, ಜೊಳ್ಳು ಹಾರಿಹೋಯಿತು ಎಂಬ ಮಾತನ್ನು ಫ್ರೀಹ್ಯಾಂಡ್‌ನ ಚರಿತ್ರೆ ಒಪ್ಪುವುದಿಲ್ಲ. ಅಡೋಬಿಯ ಇಲಸ್ಟ್ರೇಟರ್ 1987ರಲ್ಲಿ ಮ್ಯಾಕಿಂಟಾಷ್‌ಗೆ ಬಂತು. ಮರುವರ್ಷವೇ ಆಲ್ಟ್‌ಸಿಸ್ ಕಂಪನಿ ರೂಪಿಸಿದ ಫ್ರೀಹ್ಯಾಂಡನ್ನು ಆಲ್ಡಸ್ ಕಂಪನಿ ಮಾರತೊಡಗಿತು. ಎರಡರಲ್ಲೂ ಮೂಲ ಕೆಲಸ ಒಂದೇ: ಬಿಂದು ಇಟ್ಟು, ಅದರ ಹಿಡಿಕೆ ಎಳೆದು ಗೆರೆ ಬಾಗಿಸುವುದು. ಆದರೆ ಲೆಟರ್‌ಹೆಡ್, ಲಕೋಟೆ, ವಿಸಿಟಿಂಗ್ ಕಾರ್ಡ್ ಮೂರನ್ನೂ ಒಂದೇ ಕಡತದ ಬೇರೆ ಬೇರೆ ಪುಟಗಳಲ್ಲಿ ಹರಡಿಕೊಂಡು ಮಾಡುವ ಸೌಕರ್ಯ ಫ್ರೀಹ್ಯಾಂಡ್‌ನಲ್ಲಿ 1990ರ ದಶಕದಲ್ಲೇ ಇತ್ತು. ಇಲಸ್ಟ್ರೇಟರ್‌ಗೆ ಇಂಥ ಹಲವು ಪುಟಗಳು, ಅಂದರೆ ಆರ್ಟ್‌ಬೋರ್ಡ್‌ಗಳು, ದಕ್ಕಿದ್ದು 2008ರಲ್ಲಿ. 1994ರಲ್ಲಿ ಅಡೋಬಿ ಆಲ್ಡಸನ್ನು ಕೊಂಡಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಡ್ಡಬಂದು ಫ್ರೀಹ್ಯಾಂಡ್ ಆಲ್ಟ್‌ಸಿಸ್‌ಗೆ ಮರಳುವಂತೆ ಮಾಡಿತು. ಆಲ್ಟ್‌ಸಿಸನ್ನು ಮ್ಯಾಕ್ರೋಮೀಡಿಯಾ ಕೊಂಡಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಹಾಲಿನ ಕಾವಲಿಗೆ ಕೊನೆಗೂ ಬೆಕ್ಕೇ ಬಂತು: ಇನ್ನು ಹೊಸ ಆವೃತ್ತಿ ಇಲ್ಲವೆಂಬ ಘೋಷಣೆ 2007ರಲ್ಲಿ ಹೊರಬಿತ್ತು.

ಫ್ರೀಹ್ಯಾಂಡ್ ಆ ಹೊತ್ತಿಗಾಗಲೇ ಸೊರಗಿತ್ತಲ್ಲ ಎನ್ನುವವರಿದ್ದಾರೆ. ನಿಜ, 2003ರ ಎಂಎಕ್ಸ್ ಆವೃತ್ತಿಯ ಬಳಿಕ ಹೊಸದು ಬರಲೇ ಇಲ್ಲ. ಆದರೆ ನೀರು ಹಾಕದೆ ಒಣಗಿದ ಗಿಡಕ್ಕೆ ಬೀಜದ ದೋಷ ಹೇಳಲಾದೀತೇ? ಇನ್ನೊಂದು ವೆಕ್ಟರ್ ತಂತ್ರಾಂಶವಾದ ಕೋರೆಲ್‌ಡ್ರಾವನ್ನೇ ನೋಡಿ. 1989ರಲ್ಲಿ ಕೆನಡಾದ ಒಟ್ಟಾವಾದಿಂದ ಬಂದ ಅದು ವಿಂಡೋಸನ್ನು ನೆಚ್ಚಿತು, ಅಡೋಬಿಯ ಪಾಲಾಗಲಿಲ್ಲ. ನಮ್ಮ ಊರುಗಳ ಪ್ರೆಸ್ಸುಗಳಲ್ಲಿ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕೂಡಿಸಿದ ಲಗ್ನಪತ್ರಿಕೆಗಳು ಅದರ ಸಿಡಿಆರ್ ಕಡತಗಳಾಗಿ ಕೂತಿವೆ. ಮುಂದಿನ ಮದುವೆಗೆ ಹೆಸರು, ಮುಹೂರ್ತ ಬದಲಿಸಿದರೆ ಸಾಕು.