ಸಹಜ ವ್ಯಾಯಾಮ ಪದ್ಧತಿ

ಯಂತ್ರಗಳ ನೆರವಿಲ್ಲದೆ, ಮನುಷ್ಯನ ಸ್ವಾಭಾವಿಕ ಚಲನೆಗಳಿಂದಲೇ ದೇಹವನ್ನು ಬಲಪಡಿಸುವ ಅಂಗಸಾಧನೆಯ ಕ್ರಮ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ (1875-1957) ಇದನ್ನು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿ, ಲೋರಿಯಾಂನಲ್ಲಿ ನಾವಿಕರಿಗೆ ಕಲಿಸಿದ. ನಡಿಗೆ, ಓಟ, ನೆಗೆತ, ಕೈಕಾಲೂರಿ ಸಾಗುವುದು, ಹತ್ತುವುದು, ಸಮತೋಲನ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು ಇವು ಇದರ 10 ವಿಭಾಗಗಳು. ಇವನ್ನು ಬಯಲಿನಲ್ಲಿ, ಒಂದರ ಬೆನ್ನಿಗೆ ಒಂದರಂತೆ, ಅವರವರ ಶಕ್ತಿಗೆ ತಕ್ಕಷ್ಟು ಮಾಡಿಸಲಾಗುತ್ತದೆ. ಜಿಮ್‌ನ ಹಲವು ಯಂತ್ರಗಳು ಒಂದೊಂದು ಸ್ನಾಯುಗುಂಪನ್ನು ಬೇರೆಯಾಗಿ ದುಡಿಸುತ್ತವೆ. ಆದರೆ ಈ ಪದ್ಧತಿಯಲ್ಲಿ, ಉದಾಹರಣೆಗೆ ಮರ ಹತ್ತುವಾಗ, ಬೆರಳು, ತೋಳು, ಬೆನ್ನು, ಕಾಲುಗಳು ಒಟ್ಟಾಗಿ ದುಡಿಯುತ್ತವೆ. ಪರರಿಗೆ ಉಪಯೋಗವಾಗಲೆಂದೇ ಬಲವನ್ನು ಗಳಿಸಬೇಕೆಂಬುದು ಎಬೇರ್‌ನ ನಿಲುವಾದ್ದರಿಂದ, ಧೈರ್ಯ ಮತ್ತು ಸಂಯಮಗಳೂ ಈ ಶಿಕ್ಷಣದ ಭಾಗ. ಮುಂದೆ ಫ್ರಾನ್ಸಿನಲ್ಲೇ ಬೆಳೆದ ಪಾರ್ಕೂರ್ ಸಾಹಸಕಲೆಗೆ ಈ ಪದ್ಧತಿ ಮುಖ್ಯ ಪ್ರೇರಣೆಯಾಯಿತು.