ಮೂರು ಮೋಟಾರುಗಳ ಮುಖಲಕ್ಷಣ

ಸ್ವಾತಂತ್ರ್ಯ ಬಂದ ಮೇಲೆ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿಯುವವರೆಗೆ, ನಮ್ಮ ದೇಶದ ಮಧ್ಯಮವರ್ಗದವರ ಕಣ್ಣಿಗೆ ಮೋಟಾರು ಕಾರೆಂದರೆ ಬಹುಮಟ್ಟಿಗೆ ಮೂರೇ ಆಕೃತಿಗಳು: ಕಲ್ಕತ್ತೆಯ ಸಮೀಪದ ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳ ರೂಪಕಲ್ಪನೆ ನಮ್ಮದಲ್ಲ. ಮೊದಲನೆಯದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚು, ಎರಡನೆಯದು ಟ್ಯೂರಿನ್ ನಗರದ ಸಂತಾನ, ಮೂರನೆಯದು ಜೊವಾನಿ ಮಿಕೆಲೊತ್ತಿ ಎಂಬ ಇಟಲಿಯ ಕಲಾವಿದನು ಆಂಗ್ಲ ಕಂಪನಿಯೊಂದಕ್ಕೆ ಬರೆದುಕೊಟ್ಟ ರೇಖೆ.

ಆ ಆಕೃತಿಗಳಾದರೋ ಒಂದರಂತೆ ಇನ್ನೊಂದಿರಲಿಲ್ಲ. ಉಬ್ಬಿದ ಬಾನೆಟ್ಟು, ಮಡ್‌ಗಾರ್ಡುಗಳ ತುದಿಯಲ್ಲಿ ಕೂಡಿಸಿದ ದುಂಡು ದೀಪಗಳು, ಪೇಟ ಸುತ್ತಿದವರೂ ತಲೆಬಾಗದೆ ಕೂಡಬಹುದಾದಷ್ಟು ಎತ್ತರದ ಮೇಲ್ಛಾವಣಿ, ಇವುಗಳಿಂದ ಅಂಬಾಸಿಡರಿಗೆ ತುಂಬುಸಂಸಾರದ ಗೃಹಸ್ಥನ ಗಾಂಭೀರ್ಯವೊದಗಿತ್ತು. ಬಿಳಿಯ ಬಣ್ಣ ತೊಟ್ಟು ವಿಧಾನಸೌಧದ ಮುಂದೆ ಸಾಲಾಗಿ ನಿಂತಾಗ ಆ ಕಲ್ಲುಕಟ್ಟಡದ ಘನತೆಗೆ ಅದರಿಂದ ಕಿಂಚಿತ್ತೂ ಕುಂದೆನಿಸುತ್ತಿರಲಿಲ್ಲ. ಫಿಯಟ್ಟಿನ ಹಿಂಬದಿಯ ಚೂಪು ರೆಕ್ಕೆಗಳನ್ನು ಕಂಡವರು ಹೆಸರು ಕೇಳಬೇಕಾಗಿರಲಿಲ್ಲ. ಹೆರಾಲ್ಡಿನಲ್ಲಂತೂ ಬಾನೆಟ್ಟೂ ಮುಂದಿನ ಮಡ್‌ಗಾರ್ಡುಗಳೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಂಡು ಎಂಜಿನ್ನು ಆಮೂಲಾಗ್ರವಾಗಿ ತೆರೆದುಕೊಳ್ಳಲು, ಮೆಕ್ಯಾನಿಕ್ಕನು ಮುಂದಿನ ಟೈರಿನ ಮೇಲೆಯೇ ಕುಳಿತು ಕೆಲಸ ನಡೆಸುತ್ತಿದ್ದನು. ದಶಕಗಟ್ಟಲೆ ಬದಲಾಗದ ಈ ಬಾಗುಬಳುಕುಗಳು ಊರೂರಿನ ಟಿಂಕರನಿಗೆ ಕಂಠಪಾಠವಾಗಿದ್ದುದರಿಂದ, ನಜ್ಜುಗುಜ್ಜಾದ ತಗಡನ್ನು ಅವನು ಬರಿಯ ಸುತ್ತಿಗೆಯಿಂದ ಬಡಿದು, ಅಂಗೈ ಸವರಿ ನೋಡಿ, ಮೊದಲಿನ ಆಕಾರಕ್ಕೆ ತರಬಲ್ಲವನಾಗಿದ್ದನು. ಕಾರು ತಯಾರಿಸಲು ಸರಕಾರದ ಪರವಾನಗಿ ಬೇಕಾಗಿದ್ದ ಕಾಲದ ಆ ಸ್ಥಗಿತತೆಯನ್ನು ನಾನು ಹೊಗಳಲಾರೆ. ಕಾರಿಗಾಗಿ ವರ್ಷಗಟ್ಟಲೆ ಕಾದವರ ಸಂಕಟ ಸಣ್ಣದಲ್ಲ.

ಇಂದಿನ ಕಾರುಗಳು ಒಂದೇ ಎರಕದವೆಂಬಂತೆ ಕಾಣುವುದಕ್ಕೆ ಕಾರಣಗಳುಂಟು. 1973ರ ತೈಲಸಂಕಟದ ತರುವಾಯ ಇಂಧನದ ಉಳಿತಾಯಕ್ಕಾಗಿ ಗಾಳಿಯ ತಡೆಯನ್ನು ತಗ್ಗಿಸುವುದು ಎಲ್ಲರ ಗುರಿಯಾಯಿತು. ಗಾಳಿಯ ನಿಯಮ ಎಲ್ಲರಿಗೂ ಒಂದೇ ಆದುದರಿಂದ ಉತ್ತರವೂ ಹೆಚ್ಚುಕಡಮೆ ಒಂದೇ ಬಂದಿತು. ನಮ್ಮಲ್ಲಿ ಸುಂಕವೂ ಇದಕ್ಕೆ ಕೈಜೋಡಿಸಿತು. 4 ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು 2006ರಲ್ಲಿ 24ರಿಂದ 16 ಪ್ರತಿಶತಕ್ಕೆ ಇಳಿಸಿದೊಡನೆ, ಡಿಕ್ಕಿಯುಳ್ಳ ಕಾರುಗಳ ಬಾಲವನ್ನೇ ಕತ್ತರಿಸಿ ಅಳತೆಯೊಳಗೆ ಕೂಡಿಸುವ ಯತ್ನ ಮೊದಲಾಯಿತು. ಆಕಾರವನ್ನು ಕಟ್ಟುಪಾಡಿಗೊಳಪಡಿಸುವುದರಲ್ಲಿ ಅಪಘಾತದಲ್ಲಿ ಜೀವವುಳಿಸುವ ನಿಯಮಗಳ ಪಾಲೂ ಉಂಟು; ಅವುಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಸುಂಕದ ಆಸೆಗೆ ಅಂದವನ್ನು ಕೊಯ್ದದ್ದನ್ನು ಮಾತ್ರ ಒಪ್ಪಲಾರೆ.

ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ವಾಹನಗಳ ರೂಪ ರಚಿಸುವ ಕೆಲಸಕ್ಕೆ ತೊಡಗುವ ನಮ್ಮ ತರುಣರು ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಕ್ಕೊಮ್ಮೆ ಹೋಗಿ, ಒಂದೊಂದರ ಮುಂದೆಯೂ ನಿಂತು, ದೀಪವೆಲ್ಲಿ, ಬಾಗೆಲ್ಲಿ ಎಂದು ಕೈಯಾರೆ ಬರೆದುಕೊಂಡು ಬರಲೆಂಬುದು ನನ್ನ ಹಂಬಲ.