ಅತ್ತಾವರದ ಹೆಸರಿಗೆ ಇನ್ನೊಂದು ಬ್ಯಾಂಕು

ಬ್ಯಾಂಕು ಕಟ್ಟುವುದರಲ್ಲಿ ಕರಾವಳಿಯವರದು ಎತ್ತಿದ ಕೈ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್ ಎಂದು ಹೆಸರು ಹೇಳುತ್ತಾ ಹೋದರೆ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಅರ್ಧ ಚರಿತ್ರೆ ಹೇಳಿದಂತೆಯೇ. 1931ರಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದವರು ಅತ್ತಾವರ ಬಾಲಕೃಷ್ಣ ಶೆಟ್ಟಿ. ಆ ಬ್ಯಾಂಕು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾದಾಗ ಮಂಗಳೂರಿನಲ್ಲಿ ಬೇಸರಪಟ್ಟುಕೊಂಡವರು ಕಡಿಮೆಯಲ್ಲ.

ಆದರೆ ಅತ್ತಾವರದ ಹೆಸರಿಗೆ ಇನ್ನೊಂದು ಬ್ಯಾಂಕಿನ ಲೆಕ್ಕವೂ ಇದೆ. ಅದರ ಶಾಖೆ ಮಂಗಳೂರಿನಲ್ಲಿ ಎಂದೂ ತೆರೆಯಲಿಲ್ಲ. ಅದು ಬಾಳಿದ್ದು ಒಂದು ವರ್ಷಕ್ಕಿಂತ ತುಸು ಹೆಚ್ಚು ಕಾಲ, ಅದೂ ಬಾಂಬು ಬೀಳುತ್ತಿದ್ದ ರಂಗೂನ್ ನಗರದಲ್ಲಿ. ಹೆಸರು ಆಜಾದ್ ಹಿಂದ್ ಬ್ಯಾಂಕ್. ಅದರ ಅಧ್ಯಕ್ಷರು ಅತ್ತಾವರ ಯಲ್ಲಪ್ಪ.

ಯಲ್ಲಪ್ಪ ಸಿಂಗಪುರದಲ್ಲಿ ಬ್ಯಾರಿಸ್ಟರ್ ಆಗಿದ್ದರು. 1942ರಲ್ಲಿ ಜಪಾನೀಯರು ಸಿಂಗಪುರವನ್ನು ಗೆದ್ದುಕೊಂಡ ಮೇಲೆ ಅಲ್ಲಿನ ಭಾರತೀಯರ ಸಂಘಟನೆಯಾಗಿ ಬೆಳೆದದ್ದು ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್. ಅದರ ಸಿಂಗಪುರ ಶಾಖೆಗೆ ಯಲ್ಲಪ್ಪನವರೇ ಮುಖ್ಯಸ್ಥರು. 1943ರ ಜುಲೈ 2ರಂದು ಸುಭಾಷ್‌ಚಂದ್ರ ಬೋಸರು ಸಿಂಗಪುರಕ್ಕೆ ಬಂದಿಳಿದರು. ಮಹಿಳೆಯರದೇ ಒಂದು ಪಡೆ ಕಟ್ಟಬೇಕೆಂಬ ಬೋಸರ ಬಯಕೆಯನ್ನು ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ಅವರಿಗೆ ತಲುಪಿಸಿದವರು ಇದೇ ಯಲ್ಲಪ್ಪ. ಝಾನ್ಸಿ ರಾಣಿ ರೆಜಿಮೆಂಟಿನ ಕ್ಯಾಪ್ಟನ್ ಲಕ್ಷ್ಮಿ ಎಂದು ಮುಂದೆ ದೇಶವೆಲ್ಲ ಬಲ್ಲ ಹೆಸರು ಅದು. ಅಕ್ಟೋಬರ್ 21ರಂದು ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರ ಸ್ಥಾಪನೆಯಾದಾಗ ಅದರ ಸಲಹೆಗಾರರಲ್ಲಿ ಯಲ್ಲಪ್ಪನವರೂ ಒಬ್ಬರು.

ಸರ್ಕಾರವೇನೋ ಆಯಿತು, ಬೊಕ್ಕಸಕ್ಕೆ ಹಣ ಎಲ್ಲಿಂದ? ಜಪಾನೀಯರಿಂದ ಆಯುಧ ಪಡೆಯುವುದು ಬೇರೆ, ಸಂಬಳಕ್ಕೂ ಅವರ ಮುಂದೆಯೇ ಕೈ ಚಾಚುವುದು ಬೇರೆ ಎಂಬುದು ಬೋಸರಿಗೆ ಚೆನ್ನಾಗಿ ಗೊತ್ತಿತ್ತು. ಉಳಿದದ್ದು ಮಲಯ, ಬರ್ಮಾಗಳಲ್ಲಿ ಆಸ್ತಿ ಮಾಡಿದ್ದ ಭಾರತೀಯ ಧನಿಕರು. ಇವರೇನೂ ಸಣ್ಣ ಕುಳಗಳಲ್ಲ. ಲೇವಾದೇವಿಗೆಂದು ಹೋದ ಚೆಟ್ಟಿಯಾರ್ ಮನೆತನಗಳ ಕೈಗೆ 1930ರ ದಶಕದ ಕೊನೆಯ ಹೊತ್ತಿಗೆ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳ ಸುಮಾರು ಕಾಲು ಭಾಗ ಭೂಮಿ ಬಂದು ಸೇರಿತ್ತು. ಗುಜರಾತಿ ವರ್ತಕರ ವಹಿವಾಟು ಬೇರೆಯೇ ಇತ್ತು.

ಈ ವರ್ತಕರನ್ನು ಬೋಸರು ಅಕ್ಟೋಬರ್ 25ರಂದು ಸಿಂಗಪುರದಲ್ಲಿ ಸೇರಿಸಿದರು. ಬ್ರಿಟನ್ ಮತ್ತು ಅಮೆರಿಕದ ಮೇಲೆ ಅವರ ಸರ್ಕಾರ ಯುದ್ಧ ಸಾರಿ ಎರಡು ದಿನವಾಗಿತ್ತಷ್ಟೆ. ಅಂದಿನದು ಬೇಡುವ ಭಾಷಣವಲ್ಲ. ದೇಶ ಯುದ್ಧದಲ್ಲಿರುವಾಗ ಖಾಸಗಿ ಆಸ್ತಿ ಎಂಬುದೇ ಇಲ್ಲ, ಸಿಪಾಯಿ ಕೊನೆಯ ತೊಟ್ಟು ರಕ್ತ ಕೊಡಲು ಸಿದ್ಧನಾಗಿರುವಾಗ ನೀವು ನೂರಕ್ಕೆ ಐದೋ ಹತ್ತೋ ಎಂದು ಚೌಕಾಸಿ ಮಾಡುತ್ತೀರಾ ಎಂಬ ಧಾಟಿಯಲ್ಲಿ ಅವರು ಮಾತನಾಡಿದರು.

ಇದನ್ನು ದಾನ ಎನ್ನಬೇಕೆ, ಕರ ಎನ್ನಬೇಕೆ? ನೇತಾಜಿಯವರ ಮೇಲಿನ ಭಕ್ತಿಯಿಂದ ನಮ್ಮ ಪಠ್ಯಪುಸ್ತಕಗಳು ಈ ಪ್ರಶ್ನೆಯನ್ನು ಬದಿಗೆ ಸರಿಸುತ್ತವೆ. ಅದೇ ಮಲಯ, ಸಿಂಗಪುರಗಳ ಚೀನೀ ವರ್ತಕರಿಂದ ಜಪಾನೀ ಸೇನೆ 1942ರಲ್ಲಿ ಐದು ಕೋಟಿ ಡಾಲರ್ ದಂಡ ಕೇಳಿತ್ತು. ಅದಕ್ಕೂ ಮುನ್ನ ಸಾವಿರಾರು ಚೀನೀಯರನ್ನು ಕೊಂದಿತ್ತು. ಇದನ್ನು ಕಣ್ಣಾರೆ ಕಂಡ ಭಾರತೀಯ ಸಾಹುಕಾರನಿಗೆ ಬೋಸರ ನೆರಳಿನಲ್ಲಿ ನಿಲ್ಲುವುದು ದೇಶಭಕ್ತಿಯೂ ಆಗಿತ್ತು, ತನ್ನ ರಕ್ಷಣೆಯೂ ಆಗಿತ್ತು. ಚಲಾವಣೆಯಲ್ಲಿದ್ದ ಜಪಾನೀ ನೋಟಿನ ಬೆಲೆ ತಿಂಗಳು ತಿಂಗಳಿಗೆ ಇಳಿಯುತ್ತಿತ್ತು ಎಂಬುದನ್ನೂ ಮರೆಯಬಾರದು. ಇಷ್ಟಾದರೂ ಎಲ್ಲವನ್ನೂ ಭಯದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ರಬ್ಬರ್ ತೋಟದ ತಮಿಳು ಕೂಲಿಗಳು ತಮ್ಮ ಮಜೂರಿಯಲ್ಲಿ ಪಾಲು ಕೊಟ್ಟರು. ಹೆಂಗಸರು ಸಭೆಗಳಲ್ಲಿ ಬಳೆ, ಸರ ಬಿಚ್ಚಿಕೊಟ್ಟರು. ಅವರನ್ನು ಯಾರೂ ಸಭೆಗೆ ಕರೆಸಿ ಗದರಿಸಿರಲಿಲ್ಲ.

1944ರ ಜನವರಿಯಲ್ಲಿ ಬೋಸರ ಕೇಂದ್ರ ರಂಗೂನಿಗೆ ಸ್ಥಳಾಂತರವಾಯಿತು. ಬಂದ ಹಣಕ್ಕೆ ಪೆಟ್ಟಿಗೆ ಸಾಲದು, ಪುಸ್ತಕ ಬೇಕು, ರಸೀದಿ ಬೇಕು, ಸಿಬ್ಬಂದಿ ಬೇಕು. ಏಪ್ರಿಲ್ 5ರಂದು ಆಜಾದ್ ಹಿಂದ್ ಬ್ಯಾಂಕ್ ಬಾಗಿಲು ತೆರೆಯಿತು. ಬೋಸರು ಐವತ್ತು ಲಕ್ಷ ಬಂಡವಾಳ ಕೇಳಿದಾಗ ಒಬ್ಬ ಮುಸ್ಲಿಂ ವರ್ತಕರು ತಾವೊಬ್ಬರೇ ಮೂವತ್ತು ಲಕ್ಷ ಕೊಡಲು ಮುಂದೆ ಬಂದರೆಂದು ತಾತ್ಕಾಲಿಕ ಸರ್ಕಾರದ ಸಚಿವರಾಗಿದ್ದ ಎಸ್. ಎ. ಅಯ್ಯರ್ ಬರೆದಿದ್ದಾರೆ.

ಅದೇ ಜುಲೈನಲ್ಲಿ ರಂಗೂನಿನ ಅಬ್ದುಲ್ ಹಬೀಬ್ ಯೂಸುಫ್ ಮಾರ್ಫಾನಿ ಒಡವೆ, ನಗದು, ಸ್ಥಿರಾಸ್ತಿ ಸೇರಿ ಸುಮಾರು ಒಂದು ಕೋಟಿ ರೂಪಾಯಿಯ ಸಂಪತ್ತನ್ನು ಒಪ್ಪಿಸಿಬಿಟ್ಟರು. ಮೂಲತಃ ಸೌರಾಷ್ಟ್ರದ ಧೋರಾಜಿಯವರು. ಬೋಸರು ಅವರಿಗೆ 'ಸೇವಕ್-ಎ-ಹಿಂದ್' ಪದಕ ನೀಡಿದರು. ಇಂದು ಸಿರಿವಂತ ಮನೆತನವೊಂದು ಸಾರ್ವಜನಿಕ ಕಾರ್ಯಕ್ಕೆ ಕೈ ಹಾಕಬೇಕಾದರೆ ಮೊದಲು ಒಂದು ಪ್ರತಿಷ್ಠಾನ ನೋಂದಣಿಯಾಗುತ್ತದೆ, ಮೂಲಧನವನ್ನು ಜೋಪಾನವಾಗಿ ಇರಿಸಿ ಅದರ ಬಡ್ಡಿಯನ್ನು ಹಂಚಲಾಗುತ್ತದೆ. ಹಬೀಬರು ಇರಿಸಿಕೊಳ್ಳಲಿಲ್ಲ. ಕೊಟ್ಟದ್ದು ಎಲ್ಲರಿಗೂ ತಿಳಿಯುವಂತೆ ಕೊಟ್ಟರು ಎಂಬುದೂ ಗಮನಿಸಬೇಕಾದ ಮಾತೇ. ಸ್ವತಂತ್ರ ಭಾರತದಲ್ಲಿ 2018ರಿಂದ ಚುನಾವಣಾ ಬಾಂಡ್ ಮೂಲಕ ಪಕ್ಷಗಳಿಗೆ ಹಣ ಕೊಟ್ಟವರ ಹೆಸರು ಮತದಾರನಿಗೆ ತಿಳಿಯಬೇಕಾದರೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಬೇಕಾಯಿತು.

ಇಂಥ ಕೊಡುಗೈ ನೋಡಲು ರಂಗೂನಿಗೇ ಹೋಗಬೇಕಾಗಿಲ್ಲ. ಮಂಗಳೂರಿನ ಕಾರ್ನಾಡ್ ಸದಾಶಿವ ರಾವ್ ಸಿರಿವಂತ ವಕೀಲರ ಮನೆಯಲ್ಲಿ ಹುಟ್ಟಿದವರು. ವಿಧವೆಯರಿಗೆ ನೆಲೆಯಾದ ಮಹಿಳಾ ಸಭಾ, ತಿಲಕ ವಿದ್ಯಾಲಯ, ಕಾಂಗ್ರೆಸ್ಸಿನ ಚಳವಳಿ ಎಂದು ಮನೆತನದ ಸೊತ್ತನ್ನೆಲ್ಲ ಸುರಿದರು. 1936ರ ಡಿಸೆಂಬರಿನಲ್ಲಿ ಫೈಜ್‌ಪುರದ ಅಧಿವೇಶನಕ್ಕೆ ಹೋದವರು ಕಾಯಿಲೆ ಬಿದ್ದು 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಲ್ಲಿ ಏನೂ ಉಳಿದಿರಲಿಲ್ಲ. ನಗರದ ಕೆ. ಎಸ್. ರಾವ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಆ ಎರಡು ಅಕ್ಷರ ಬಿಡಿಸಿ ಹೇಳಬಲ್ಲವರು ಎಷ್ಟು ಮಂದಿಯೋ. ಅತ್ತಾವರದ ಯಲ್ಲಪ್ಪನವರ ಕೆಲಸ ಇದಕ್ಕೆ ಬೇರೆ. ಅವರು ಕೊಟ್ಟವರ ಹಣಕ್ಕೆ ಲೆಕ್ಕ ಇಟ್ಟವರು. ಚರಿತ್ರೆಯಲ್ಲಿ ದಾನಿಗೆ ಸಿಗುವ ಜಾಗ ಲೆಕ್ಕದವನಿಗೆ ಸಿಗುವುದಿಲ್ಲ.

ಆ ಲೆಕ್ಕಕ್ಕೆ ಬೆಲೆ ಬಂದದ್ದು ಎಲ್ಲ ಮುಗಿದ ಮೇಲೆ. 1945ರ ಏಪ್ರಿಲ್ 24ರಂದು ಬೋಸರು ರಂಗೂನ್ ತೊರೆದರು. ಮೇ ತಿಂಗಳಲ್ಲಿ ಬ್ರಿಟಿಷರು ನಗರಕ್ಕೆ ಮರಳಿ ಬಂದು ಬ್ಯಾಂಕನ್ನು ವಶಪಡಿಸಿಕೊಂಡರು. ನವೆಂಬರ್ 5ರಂದು ದೆಹಲಿಯ ಕೆಂಪು ಕೋಟೆಯಲ್ಲಿ ಷಾ ನವಾಜ್ ಖಾನ್, ಪಿ. ಕೆ. ಸೆಹಗಲ್, ಜಿ. ಎಸ್. ಧಿಲ್ಲೋನ್ ಅವರ ವಿಚಾರಣೆ ಆರಂಭವಾಯಿತು. ಆರೋಪ, ಚಕ್ರವರ್ತಿಯ ವಿರುದ್ಧ ಯುದ್ಧ. ಪ್ರತಿವಾದಿಗಳ ವಕೀಲ ಭುಲಾಭಾಯಿ ದೇಸಾಯಿ ಹೂಡಿದ ವಾದ ಸರಳ: ಇವರು ದಂಗೆಕೋರರಲ್ಲ, ಒಂದು ಸರ್ಕಾರದ ಸೈನಿಕರು. ಅದು ಸರ್ಕಾರವೇ ಎಂಬುದಕ್ಕೆ ಏನು ಗುರುತು? ಸೇನೆ ಇತ್ತು, ಬೇರೆ ದೇಶಗಳ ಮಾನ್ಯತೆ ಇತ್ತು, ತನ್ನದೇ ಬೊಕ್ಕಸವಿತ್ತು. ಜನ ಕೊಟ್ಟದ್ದು ಸುಮಾರು 20 ಕೋಟಿ ರೂಪಾಯಿ ಎಂದು ಅವರು ನ್ಯಾಯಾಲಯದ ಮುಂದಿಟ್ಟರು. ಸಾಹುಕಾರನ ಕೋಟಿ, ಕೂಲಿಯ ಕಾಸು ಎರಡೂ ಆ ಮೊತ್ತದಲ್ಲಿ ಕರಗಿಹೋಗಿದ್ದವು. ಮನಸ್ಸಿದ್ದು ಕೊಟ್ಟದ್ದು ಯಾವುದು, ಮನಸ್ಸಿಲ್ಲದೆ ಕೊಟ್ಟದ್ದು ಯಾವುದು ಎಂದು ನ್ಯಾಯಾಲಯ ಬಗೆದು ನೋಡಲಿಲ್ಲ.

ಬ್ಯಾಂಕಿನ ಬಗ್ಗೆ ಸಾಕ್ಷಿ ಹೇಳಲು ಅದರ ಅಧ್ಯಕ್ಷರೇ ಬರಬೇಕಾಗಿತ್ತು. ಆದರೆ ಬರ್ಮಾದಿಂದ ಹಿಂದೆ ಸರಿಯುವ ಗೊಂದಲದಲ್ಲಿ ಯಲ್ಲಪ್ಪ ಪ್ರಾಣ ಕಳೆದುಕೊಂಡಿದ್ದರು. ಅವರ ಬದಲು ಕಟಕಟೆ ಹತ್ತಿದವರು ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬರಾದ ದೀನಾನಾಥ್. ಮೂವರು ಅಧಿಕಾರಿಗಳಿಗೂ ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. 1946ರ ಜನವರಿ ಮೊದಲ ವಾರದಲ್ಲಿ ಸೇನಾಪತಿ ಆಕಿನ್ಲೆಕ್ ಅದನ್ನು ಮನ್ನಾ ಮಾಡಿ ಮೂವರನ್ನೂ ಬಿಟ್ಟುಬಿಟ್ಟರು.